ವಿದ್ಯಾರ್ಥಿಗಳ ಮುಂದೆ ವೈವಿಧ್ಯ ಮತ್ತು ನಾಯಕತ್ವದ ಮಾತು: ನನ್ನ ಅನುಭವ

ಪ್ರೌಢಶಾಲೆ ಮತ್ತು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ವೈವಿಧ್ಯ ಹಾಗೂ ನಾಯಕತ್ವದ ಕುರಿತು ಉಪನ್ಯಾಸ ನೀಡುವುದು ಹಲವು ವರ್ಷಗಳಿಂದ ನನ್ನ ಕೆಲಸ. ಕರೆಯುವವರು ಸಾಮಾನ್ಯವಾಗಿ ಬಯಸುವುದು ನನ್ನ ಜೀವನಗಾಥೆಯನ್ನು. ಅದಕ್ಕೆ ನಾನು ಕೆಲವೇ ನಿಮಿಷಗಳನ್ನು ಕೊಡುತ್ತೇನೆ. ಕಷ್ಟಪಟ್ಟು ಮೇಲೆ ಬಂದವರ ಕಥೆಗೆ ಚಪ್ಪಾಳೆ ಬೀಳುವುದು ನಿಜವಾದರೂ, ನಡುವಯಸ್ಸಿನವರೊಬ್ಬರ ಸಾಧನೆಯನ್ನು ಕೇಳಿದ ಹದಿನೈದರ ಹುಡುಗಿಗೆ ನಾಳೆ ತನ್ನ ಶಾಲೆಯಲ್ಲಿ ತಾನು ಏನು ಮಾಡಬಹುದು ಎಂಬುದು ಅದರಿಂದ ತಿಳಿಯುವುದಿಲ್ಲ.

ಆದ್ದರಿಂದ ಪ್ರೌಢಶಾಲೆಗಳಲ್ಲಿ ನಾನು ಅವರದೇ ವಯಸ್ಸಿನವರು ಕೈಗೊಂಡ ಒಂದು ನಿರ್ಧಾರವನ್ನು ಎತ್ತಿಕೊಂಡು ಬಿಡಿಸಿ ತೋರಿಸುತ್ತೇನೆ. ಹೆಚ್ಚಾಗಿ ಬಳಸುವುದು ಅಮೆರಿಕದ ವರ್ಜೀನಿಯಾ ರಾಜ್ಯದ ಬಾರ್ಬರಾ ಜಾನ್ಸ್ ಅವರ ಪ್ರಸಂಗ. ಕಪ್ಪು ವಿದ್ಯಾರ್ಥಿಗಳಿಗಾಗಿ ಫಾರ್ಮ್‌ವಿಲ್ ಊರಿನಲ್ಲಿದ್ದ ಮೋಟನ್ ಪ್ರೌಢಶಾಲೆ ಕಿಕ್ಕಿರಿದು, ಟಾರು ಕಾಗದ ಹೊದಿಸಿದ ತಾತ್ಕಾಲಿಕ ಕೊಠಡಿಗಳಲ್ಲಿ ಪಾಠ ನಡೆಯುತ್ತಿತ್ತು. 1951ರ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಮತ್ತು ಸಂಗಡಿಗರು, ಮುಖ್ಯೋಪಾಧ್ಯಾಯರು ಶಾಲೆಯಿಂದ ಹೊರಗೆ ಹೋಗುವಂತೆ ಒಂದು ಸುಳ್ಳು ದೂರವಾಣಿ ಕರೆ ಮಾಡಿಸಿದರು. ಅವರ ಹೆಸರಿನಲ್ಲೇ ತರಗತಿಗಳಿಗೆ ಚೀಟಿ ಕಳುಹಿಸಿ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿದರು. ಅಲ್ಲಿಯೇ ಮುಷ್ಕರ ಘೋಷಣೆಯಾಯಿತು. ಅದರಿಂದ ಹುಟ್ಟಿದ ಮೊಕದ್ದಮೆಯು, ಶಾಲೆಗಳಲ್ಲಿನ ವರ್ಣಭೇದ ಸಂವಿಧಾನಬಾಹಿರವೆಂದು 1954ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಬ್ರೌನ್ ತೀರ್ಪಿನೊಳಗೆ ಸೇರಿದ್ದ ಐದು ಪ್ರಕರಣಗಳಲ್ಲಿ ಒಂದು.

ತೀರ್ಪಿನವರೆಗೆ ನಾನು ಒಮ್ಮೆಲೇ ಹೋಗುವುದಿಲ್ಲ. ದೂರವಾಣಿ ಕರೆಯ ಹಂತದಲ್ಲೇ ನಿಲ್ಲಿಸಿ, ‘ಈ ಯೋಜನೆಯನ್ನು ನೀವು ಮೊದಲು ಯಾರಿಗೆ ಹೇಳುತ್ತಿದ್ದಿರಿ, ಯಾರಿಗೆ ಹೇಳುತ್ತಿರಲಿಲ್ಲ?’ ಎಂದು ಕೇಳುತ್ತೇನೆ. ಅಲ್ಲಿಂದ ಸಭೆ ಅವರದಾಗುತ್ತದೆ. ಸುಳ್ಳು ಹೇಳಿದ್ದು ಸರಿಯೇ ಎಂದು ಯಾರಾದರೂ ಎದ್ದು ಕೇಳಿಯೇ ಕೇಳುತ್ತಾರೆ. ಹಿಂದಿನ ಸಾಲಿನ ಶಿಕ್ಷಕರಿಗೆ ಆಗ ಕೊಂಚ ಇರಿಸುಮುರಿಸಾಗುವುದೂ ಉಂಟು. ನಾನು ಆ ಚರ್ಚೆಯನ್ನು ತಡೆಯುವುದಿಲ್ಲ.

ವಿಶ್ವವಿದ್ಯಾಲಯದವರಿಗೆ ಕಥೆ ಸಾಲದು, ಆಧಾರ ಬೇಕು. ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ 1977ರಲ್ಲಿ ತೋರಿಸಿದ ಸಂಗತಿಯಿಂದ ಅಲ್ಲಿ ಆರಂಭಿಸುತ್ತೇನೆ: ಒಂದು ಗುಂಪಿನಲ್ಲಿ ಒಂದು ವರ್ಗದವರ ಪಾಲು ಸುಮಾರು ಶೇ. 15ಕ್ಕಿಂತ ಕಡಿಮೆ ಇದ್ದಾಗ, ಉಳಿದವರು ಅವರನ್ನು ವ್ಯಕ್ತಿಗಳಾಗಿ ಕಾಣದೆ ಆ ವರ್ಗದ ಪ್ರತಿನಿಧಿಗಳಾಗಿ ಕಾಣತೊಡಗುತ್ತಾರೆ. ಅನಂತರ ಚೀಟಿಗಳನ್ನು ಹಂಚಿ, ತಮ್ಮ ವಿದ್ಯಾರ್ಥಿ ಸಂಘದ ಕಳೆದ ಸಭೆಯಲ್ಲಿ ಟಿಪ್ಪಣಿ ಬರೆದುಕೊಂಡವರು ಯಾರು, ಯಾರ ಮಾತು ನಡುವೆ ತುಂಡಾಯಿತು, ಯಾರ ಸಲಹೆ ಇನ್ನೊಬ್ಬರ ಬಾಯಲ್ಲಿ ಬಂದಾಗ ಮಾತ್ರ ಮನ್ನಣೆ ಪಡೆಯಿತು ಎಂಬುದನ್ನು ಹೆಸರಿಲ್ಲದೆ ಬರೆಯಲು ಹೇಳುತ್ತೇನೆ. ಆ ಚೀಟಿಗಳನ್ನು ಓದುವಾಗ ಸಭಾಂಗಣದಲ್ಲಿ ಮೂಡುವ ಗಮನ ನನ್ನ ಯಾವ ಮಾತಿಗೂ ಸಿಕ್ಕಿಲ್ಲ.

ಇದೇ ಕಾರಣಕ್ಕೆ ಆಯೋಜಕರಿಗೆ ಒಂದು ಮಾತನ್ನು ಮೊದಲೇ ತಿಳಿಸಿರುತ್ತೇನೆ: ಅಲ್ಪಸಂಖ್ಯೆಯ ಸಮುದಾಯದ ಅಥವಾ ಅಂಗವೈಕಲ್ಯವುಳ್ಳ ವಿದ್ಯಾರ್ಥಿಯನ್ನು ‘ನಿನ್ನ ಅನುಭವ ಹೇಳು’ ಎಂದು ಎಬ್ಬಿಸಿ ನಿಲ್ಲಿಸಬಾರದು. ಸದುದ್ದೇಶದಿಂದಲೇ ಹಾಗೆ ಮಾಡುತ್ತಾರೆ, ಆದರೆ ವೈವಿಧ್ಯದ ಹೆಸರಿನ ಸಭೆಯೇ ಆ ವಿದ್ಯಾರ್ಥಿಯನ್ನು ಪ್ರದರ್ಶನಕ್ಕಿಟ್ಟಂತಾಗುತ್ತದೆ.

ಒಂದು ದಿನದ ಉಪನ್ಯಾಸದ ಶಕ್ತಿಯ ಬಗ್ಗೆ ನನಗೆ ದೊಡ್ಡ ಭ್ರಮೆಯಿಲ್ಲ. ಪಶ್ಚಿಮ ಬಂಗಾಳದ ಗ್ರಾಮ ಪಂಚಾಯಿತಿಗಳನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮುಖ್ಯಸ್ಥಾನವು ಎರಡು ಅವಧಿಗಳಲ್ಲಿ ಮಹಿಳೆಯರಿಗೆ ಮೀಸಲಾಗಿದ್ದ ಹಳ್ಳಿಗಳಲ್ಲಿ ಹದಿಹರೆಯದ ಹುಡುಗ ಹುಡುಗಿಯರ ಶಿಕ್ಷಣಮಟ್ಟದ ಅಂತರವೇ ಇಲ್ಲವಾಗಿತ್ತು. ವರ್ಷಗಟ್ಟಲೆ ಕಣ್ಣೆದುರಿಗಿದ್ದ ನಾಯಕಿಯ ಪ್ರಭಾವ ಅದು; ಒಂದು ಗಂಟೆಯ ಅತಿಥಿ ಅದನ್ನು ಸರಿಗಟ್ಟಲಾರ. ಹೀಗಾಗಿ ಆಹ್ವಾನವನ್ನು ಒಪ್ಪುವ ಮುನ್ನ ಎರಡು ಷರತ್ತು ಹಾಕುತ್ತೇನೆ. ಅದೇ ವಿದ್ಯಾರ್ಥಿಗಳ ಮುಂದೆ ಆ ವರ್ಷದಲ್ಲೇ ನನಗಿಂತ ಭಿನ್ನ ಹಿನ್ನೆಲೆಯ ಮತ್ತೊಬ್ಬರು ಮಾತನಾಡಬೇಕು. ವಿದ್ಯಾರ್ಥಿ ಸಮಿತಿಗಳ ಅಧ್ಯಕ್ಷತೆ ಮತ್ತು ಟಿಪ್ಪಣಿಯ ಕೆಲಸ ಸರದಿಯ ಮೇಲೆ ಎಲ್ಲರಿಗೂ ಬರಬೇಕು. ಎರಡನೆಯದಕ್ಕೆ ಒಪ್ಪದ ಸಂಸ್ಥೆಗಳೂ ಇವೆ, ಅಲ್ಲಿಗೆ ನಾನು ಹೋಗುವುದಿಲ್ಲ. ಒಪ್ಪಿದ ಒಂದು ಕಾಲೇಜಿನಿಂದ ಬಂದ ಮೊದಲ ದೂರು, ಹೊಸದಾಗಿ ಟಿಪ್ಪಣಿ ಬರೆಯತೊಡಗಿದ ಹುಡುಗರ ಅಕ್ಷರ ಯಾರಿಗೂ ಓದಲಾಗುತ್ತಿಲ್ಲ ಎಂಬುದಾಗಿತ್ತು.