ಸ್ಟಾಕ್‌ಹೋಮ್ ಚಳಿಗಾಲದ ಮಂಕು: ಲೈಟ್ ಬಾಕ್ಸ್ ನಾನು ಹೇಗೆ ಬಳಸ್ದೆ

ಮೈಸೂರಿಂದ ಸ್ಟಾಕ್‌ಹೋಮ್‌ಗೆ ಬಂದ ಮೊದಲನೇ ವರ್ಷ ಹಿಮ ನೋಡೋ ಖುಷೀಲೇ ಚಳಿಗಾಲ ಕಳೆದೋಯ್ತು. ಎರಡನೇ ವರ್ಷ ನವೆಂಬರ್‌ನಲ್ಲಿ ಶುರುವಾಯ್ತು ನೋಡಿ. ಹತ್ತು ಗಂಟೆ ಮಲಗಿದ್ರೂ ಏಳಕ್ಕಾಗ್ತಿರ್ಲಿಲ್ಲ, ರಾತ್ರಿ ಹನ್ನೊಂದಕ್ಕೆ ಎದ್ದು ಕುಕ್ಕರ್ ಇಟ್ಟು ಬಿಸಿ ಅನ್ನಕ್ಕೆ ತುಪ್ಪ ಉಪ್ಪಿನಕಾಯಿ ಕಲಸ್ಕೊಂಡು ತಿಂತಿದ್ದೆ, ಯಾರ ಫೋನೂ ಎತ್ತಕ್ಕೆ ಮನಸ್ಸಿಲ್ಲ. ಅಮ್ಮ "ಯಾರ ಕಣ್ಣು ಬಿತ್ತೋ ಏನೋ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಸುಡೋ" ಅಂದ್ರು. ಇಲ್ಲಿ ಮೆಣಸಿನಕಾಯಿ ಸುಟ್ರೆ ಇಡೀ ಬಿಲ್ಡಿಂಗ್ ಅಲಾರಂ ಹೊಡ್ಕೊಳತ್ತಮ್ಮಾ ಅಂದೆ. ಏಪ್ರಿಲ್ ಹೊತ್ತಿಗೆ ತಾನಾಗೇ ಸರಿಹೋಯ್ತು, ಮುಂದಿನ ನವೆಂಬರ್‌ಗೆ ಮತ್ತೆ ಅದೇ ಕಥೆ.

ಆಮೇಲೆ ಡಾಕ್ಟರ್ ಹತ್ರ ಹೋದೆ. ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲಾ ನೋಡಿ, ಹೋದ ವರ್ಷವೂ ಹೀಗೇ ಆಗಿತ್ತಾ, ಬೇಸಿಗೆ ಬಂದ್ಮೇಲೆ ಹೋಯ್ತಾ ಅಂತ ಕೇಳಿ, ಇದು ಸೀಸನಲ್ ಡಿಪ್ರೆಶನ್, ಅಂದ್ರೆ ಪ್ರತಿ ವರ್ಷ ಅದೇ ಕಾಲಕ್ಕೆ ಬಂದು ಹೋಗೋ ಖಿನ್ನತೆ ಅಂದ್ರು. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಬರೋದು ಎಂಟೂ ಮುಕ್ಕಾಲಿಗೆ, ಮಧ್ಯಾಹ್ನ ಮೂರಕ್ಕೆ ಮುಂಚೆನೇ ಕತ್ತಲು, ಬೆಳಗಿನ ಬೆಳಕೇ ಕಣ್ಣಿಗೆ ಬೀಳದೆ ಮೆದುಳಿನ ಗಡಿಯಾರ ಹಿಂದೆ ಬೀಳತ್ತೆ ಅನ್ನೋದು ಒಂದು ವಿವರಣೆ. 1984ರಲ್ಲಿ ಇದಕ್ಕೆ ಹೆಸರು ಕೊಟ್ಟ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಕೂಡ ದಕ್ಷಿಣ ಆಫ್ರಿಕಾದ ಬಿಸಿಲಿಂದ ನ್ಯೂಯಾರ್ಕಿಗೆ ಬಂದು ಚಳಿಗಾಲದಲ್ಲಿ ಕುಗ್ಗಿದ್ದವರು ಅಂತ ಓದಿ, ಸದ್ಯ ನಾನೊಬ್ಬನೇ ಅಲ್ಲ ಅನ್ನಿಸ್ತು.

ಲೈಟ್ ಬಾಕ್ಸ್ ತಂದೆ, ಅಂದ್ರೆ ಬೆಳಗಿನ ಬಿಸಿಲಿನ ಬದಲು ಮುಂದಿಟ್ಟು ಕೂರೋ ಜೋರು ಬೆಳಕಿನ ದೀಪ, 10,000 ಲಕ್ಸ್‌ದು (ಲಕ್ಸ್ ಅಂದ್ರೆ ಬೆಳಕಿನ ಅಳತೆ). ತಂದು ಮಾಡಿದ್ದೆಲ್ಲಾ ತಪ್ಪು. ಸಂಜೆ ಆಫೀಸಿಂದ ಬಂದು ಹಾಲ್‌ನ ಮೂಲೇಲಿಟ್ಟು ಟಿವಿ ನೋಡ್ತಾ ಕೂರ್ತಿದ್ದೆ, ಮಂಕೂ ಹೋಗ್ಲಿಲ್ಲ, ರಾತ್ರಿ ಎರಡಾದ್ರೂ ನಿದ್ದೇನೂ ಬರ್ಲಿಲ್ಲ, ದುಡ್ಡು ದಂಡ ಅಂದ್ಕೊಂಡೆ. ಆಮೇಲೆ ಮ್ಯಾನ್ಯುಯಲ್ ಓದಿದ್ರೆ ಆ 10,000 ಸಿಗೋದು ಮುಖದಿಂದ ಇಷ್ಟೇ ದೂರದಲ್ಲಿ ಅಂತ ಬರ್ದಿದೆ, ದೂರ ಇಟ್ಟಷ್ಟೂ ಬೆಳಕು ಸಿಕ್ಕಾಪಟ್ಟೆ ಕಮ್ಮಿಯಾಗತ್ತೆ. ಈಗ ಎದ್ದ ತಕ್ಷಣ, ಏಳು ಗಂಟೆಗೆ, ಟೇಪ್ ಹಿಡಿದು ಅಳೆದ 40 ಸೆಂಟಿಮೀಟರ್‌ನಲ್ಲಿ ಸ್ವಲ್ಪ ಪಕ್ಕಕ್ಕಿಟ್ಟು ಅರ್ಧ ಗಂಟೆ, ಕಾಫಿ ಕುಡೀತಾ. ಕಣ್ಣು ತೆರೆದಿರ್ಬೇಕು ಆದ್ರೆ ಲೈಟನ್ನೇ ದಿಟ್ಟಿಸಬಾರದು. ಮೊದಲೆರಡು ದಿನ ತಲೆನೋವು ಬಂತು, ಒಂದು ವಾರಕ್ಕೆ ಅಲಾರಂಗಿಂತ ಮುಂಚೆ ಎಚ್ಚರ ಆಗಕ್ಕೆ ಶುರುವಾಯ್ತು, ರಾತ್ರಿ ಕುಕ್ಕರ್ ಕೂಗೋದು ನಿಂತಿದ್ದು ಮಾತ್ರ ಇನ್ನೂ ತಡವಾಗಿ.

ವಿಟಮಿನ್ ಡಿ ಕಮ್ಮಿ ಇತ್ತು, ತಗೊಂಡೆ, ಮೂಡಿಗೆ ಅದ್ರಿಂದ ಏನೂ ಆಗ್ಲಿಲ್ಲ. ಮಧ್ಯಾಹ್ನದ ವಾಕ್ ಮಾತ್ರ ಬಿಡಲ್ಲ, ಮೋಡ ಇದ್ರೂ ಹೊರಗಿನ ಬೆಳಕು ಆಫೀಸಿಗಿಂತ ಎಷ್ಟೋ ಜಾಸ್ತಿ. ಲೈಟ್ ಸಾಲದಿದ್ರೆ ಬುಪ್ರೊಪಿಯಾನ್ ಥರ ಖಿನ್ನತೆಯ ಮಾತ್ರೆ ಇದೆ, ಯೋಚನೆ, ಅಭ್ಯಾಸ ಬದಲಾಯಿಸೋಕೆ ಕಲಿಸೋ ಸಿಬಿಟಿ ಕೌನ್ಸೆಲಿಂಗ್ ಕೂಡ ಇದೆ ಅಂದ್ರು ಡಾಕ್ಟರ್, ನನಗೆ ಅಲ್ಲಿಗೆ ಹೋಗ್ಬೇಕಾಗ್ಲಿಲ್ಲ. ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯೋ ಕಾಯಿಲೆ) ಅಥವಾ ರೆಟಿನಾ (ಕಣ್ಣಿನ ಒಳಪರದೆ) ತೊಂದರೆ ಇರೋರು ಡಾಕ್ಟರನ್ನ ಕೇಳದೆ ಲೈಟ್ ಹಾಕ್ಬೇಡಿ, ಬೈಪೋಲಾರ್ ಇರೋ ಕೆಲವರಿಗೆ ಇದ್ರಿಂದ ಮೇನಿಯಾ, ಅಂದ್ರೆ ಆ ವಿಪರೀತ ಏರಿದ ಸ್ಥಿತಿ, ಬರತ್ತೆ. ಸಾಯೋ ಯೋಚನೆ ಬರ್ತಿದ್ರೆ ಲೈಟ್ ನಂಬ್ಕೊಂಡು ಕೂರ್ಬೇಡಿ, ಅವತ್ತೇ ಡಾಕ್ಟರ್ ಹತ್ರ ಹೋಗಿ.

ಈಗ ಮಂಕು ಬರೋವರೆಗೂ ಕಾಯಲ್ಲ, ಅಕ್ಟೋಬರ್‌ನಲ್ಲೇ ಶುರು. ಅಮ್ಮ ಫೋನ್ ಮಾಡಿದ್ರೆ ತಿಂಡಿ ಆಯ್ತಾ ಅನ್ನೋಕೆ ಮುಂಚೆ "ದೀಪದ ಮುಂದೆ ಕೂತ್ಯೇನೋ" ಅಂತಾರೆ. ಮಾರ್ಚ್ ಕೊನೇಲಿ ಗಡಿಯಾರ ಒಂದು ಗಂಟೆ ಮುಂದಿಡೋ ದಿನ ಬಾಕ್ಸ್ ಕಬೋರ್ಡ್ ಮೇಲೆ, ಸೂಟ್‌ಕೇಸ್ ಪಕ್ಕ ಹೋಗತ್ತೆ.