ಮಲೆನಾಡಿನ ಮಳೆಗೂ ನಿಂತ ವುಯಾರ್‌ನ ಅಂಟಿನ ಬಣ್ಣ: ನನ್ನ ಅನುಭವ

ಶಿವಮೊಗ್ಗದ ನಮ್ಮ ಮನೆಯ ನಡುಮನೆಯಲ್ಲಿ ಎರಡಡಿಗೆ ಮೂರಡಿಯ ಒಂದು ಚಿತ್ರ ತೂಗುಹಾಕಿದ್ದೇನೆ. ಪೂರ್ತಿ ಪುಡಿ ಬಣ್ಣ ಮತ್ತು ಪ್ರಾಣಿ ಚರ್ಮದಿಂದ ತೆಗೆದ ಅಂಟಿನಲ್ಲಿ ಮಾಡಿದ್ದು. ಎರಡು ಮೂರು ಮಳೆಗಾಲ ಕಳೆದರೂ ಒಂದು ಚೂರು ಬಣ್ಣ ಉದುರಿಲ್ಲ, ಬೂಷ್ಟು ಹಿಡಿದಿಲ್ಲ. "ಅದು ಫ್ರಾನ್ಸಿನ ಹವೆಗೆ ಸರಿ, ನಮ್ಮ ಮಳೆಗೆ ನಿಲ್ಲಲ್ಲ, ಸುಮ್ನೆ ದುಡ್ಡು ಹಾಳು" ಅಂದಿದ್ದ ಗೆಳೆಯರೇ ಈಗ ಫೋನ್ ಮಾಡಿ ಅಂಟಿನ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಬರೆದುಬಿಡೋಣ ಅನಿಸಿತು.

ಈ ಹುಚ್ಚು ಹಿಡಿಸಿದವನು ಫ್ರಾನ್ಸಿನ ಚಿತ್ರಕಾರ ಎದುವಾರ್ ವುಯಾರ್. ಮನೆಯೊಳಗಿನ ಚಿತ್ರ ಅಂದರೆ ನನಗೆ ಅವನೇ. ಅವನ ಜೊತೆಯ ಚಿತ್ರಕಾರ ಬೊನ್ನಾರ್ ಕೂಡ ದೊಡ್ಡವನು, ಇಬ್ಬರೂ ಜೀವದ ಗೆಳೆಯರು, ಆದರೆ ಬೊನ್ನಾರ್‌ನ ಕೋಣೆಯಲ್ಲಿ ಬಿಸಿಲು ಜಾಸ್ತಿ. ವುಯಾರ್‌ನ ಕೋಣೆಯಲ್ಲಿ ಜನ ಇದ್ದಾರೆ, ಕೆಲಸ ನಡೆಯುತ್ತಿದೆ, ಯಾರೂ ನಮ್ಮ ಕಡೆ ತಿರುಗಿ ನೋಡುವುದಿಲ್ಲ. ಅವನು ಹುಟ್ಟಿದ್ದು 1868ರಲ್ಲಿ. 1877ರಲ್ಲಿ ಮನೆಯವರೆಲ್ಲ ಪ್ಯಾರಿಸ್‌ಗೆ ಬಂದರು. 1884ರಲ್ಲಿ ತಂದೆ ತೀರಿಕೊಂಡರು. ತಾಯಿ ಮನೆಯಲ್ಲೇ ಹೆಂಗಸರ ಬಟ್ಟೆ, ಕಾರ್ಸೆಟ್ ಹೊಲಿಯುವ ಕೆಲಸ ನಡೆಸುತ್ತಿದ್ದರು. ಹಾಗಾಗಿ ಹುಡುಗ ಬೆಳೆದದ್ದೇ ಬಟ್ಟೆಯ ತುಂಡು, ದಾರ, ಹೊಲಿಯುವ ಹೆಂಗಸರ ನಡುವೆ. ಮದುವೆಯಾಗಲಿಲ್ಲ. 1928ರಲ್ಲಿ ತಾಯಿ ತೀರಿಕೊಳ್ಳುವವರೆಗೂ ಅವರ ಜೊತೆಯೇ ಇದ್ದ. ಆಗ ಅವನಿಗೇ ಅರವತ್ತು.

1893ರ ಆ ಚಿತ್ರ ನೋಡಿದ್ದೀರಲ್ಲ, ತಾಯಿ ಮತ್ತು ಅಕ್ಕ ಇರುವುದು, ಈಗ ನ್ಯೂಯಾರ್ಕ್‌ನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿದೆ. ತಾಯಿ ಕಪ್ಪು ಬಟ್ಟೆಯಲ್ಲಿ ಗಟ್ಟಿಯಾಗಿ ಕೂತಿದ್ದಾರೆ. ಅಕ್ಕ ಗೋಡೆಗೆ ಒತ್ತಿಕೊಂಡು ಬಾಗಿದ್ದಾಳೆ, ಅವಳ ಚೌಕಳಿ ಉಡುಪು ವಾಲ್‌ಪೇಪರ್‌ನಲ್ಲೇ ಸೇರಿಹೋಗುತ್ತಿದೆ. ನಾನು ಇದನ್ನು ಎಣ್ಣೆ ಬಣ್ಣದಲ್ಲಿ ಎಷ್ಟು ಸಲ ನಕಲು ಮಾಡಿದರೂ ಬಟ್ಟೆ ಗೋಡೆಯಿಂದ ಎದ್ದು ಬರುತ್ತಿತ್ತು. ಅಕ್ರಿಲಿಕ್‌ನಲ್ಲಿ ಇನ್ನೂ ಕೆಟ್ಟದಾಗಿ ಪ್ಲಾಸ್ಟಿಕ್ ಹೊಳಪು. ಆ ಚಿತ್ರವೂ ಎಣ್ಣೆಯದ್ದೇ, ನಿಜ. ಆದರೆ ಅವನು ಅದೇ ಸುಮಾರಿಗೆ ಬೇರೆ ಒಂದು ಬಣ್ಣ ಹಿಡಿದಿದ್ದ. ಆ ಮಂದ, ಒಣಗಿದ ಮಣ್ಣಿನಂಥ ಮೈ ಮುಂದೆ ಪೂರ್ತಿ ಬಂದದ್ದು ಅದರಲ್ಲಿ.

ಅದು ನಾಟಕದಿಂದ ಬಂದದ್ದು. ಶಾಲೆಯ ಗೆಳೆಯ ಲ್ಯುನ್ಯೆ-ಪೋ 1893ರಲ್ಲಿ ನಾಟಕ ತಂಡ ಶುರು ಮಾಡಿದಾಗ ವುಯಾರ್ ಅದರ ರಂಗಸಜ್ಜಿಕೆಗೆ ಕೈ ಹಾಕಿದ. ಇಬ್ಸನ್ ನಾಟಕಕ್ಕೆ ಪರದೆ ಬರೆದ. ಪರದೆಗೆ ಎಣ್ಣೆ ಬಣ್ಣ ಹಾಕಿದರೆ ದೀಪದ ಬೆಳಕಿಗೆ ಹೊಳೆಯುತ್ತದೆ, ಒಣಗುವುದಕ್ಕೂ ತಡ. ಅದಕ್ಕೆ ಬಿಸಿ ಅಂಟಿನಲ್ಲಿ ಪುಡಿ ಬಣ್ಣ ಕಲಸಿ ಹಚ್ಚುತ್ತಿದ್ದರು. ನಮ್ಮ ಕಂಪನಿ ನಾಟಕದ ಪರದೆಯವರೂ ಪುಡಿ ಬಣ್ಣಕ್ಕೆ ಅಂಟು ಹಾಕಿದವರೇ. ಧಾರವಾಡದ ಕಡೆ ಒಬ್ಬ ಹಿರಿಯ ಪರದೆ ಕಲಾವಿದರು ನನಗೆ ಅಂಟಿನ ಹದ ತೋರಿಸಿಕೊಟ್ಟರು. ಬೆರಳ ಮಧ್ಯೆ ಹಿಡಿದು ಬಿಟ್ಟರೆ ಸ್ವಲ್ಪವೇ ಅಂಟಬೇಕು, ನೂಲು ಎಳೆಯಬಾರದು, ಅಷ್ಟೇ ಅಂದರು. ಪುಸ್ತಕ ಓದಿ ಸಿಗದದ್ದು ಅಲ್ಲಿ ಅರ್ಧ ಗಂಟೆಯಲ್ಲಿ ಸಿಕ್ಕಿತು.

1894ರಲ್ಲಿ ವುಯಾರ್ ಇದೇ ಬಣ್ಣದಲ್ಲಿ ಅಲೆಕ್ಸಾಂದ್ರ್ ನತಾನ್ಸನ್ ಎಂಬವರ ಮನೆಗೆ 'ಸಾರ್ವಜನಿಕ ಉದ್ಯಾನಗಳು' ಎಂಬ ಒಂಬತ್ತು ಫಲಕ ಮಾಡಿದ. ಐದು ಈಗ ಪ್ಯಾರಿಸ್‌ನ ಒರ್ಸೆ ಮ್ಯೂಸಿಯಂನಲ್ಲಿವೆ. ಒಮ್ಮೆ ಹೋಗುವ ಅವಕಾಶ ಸಿಕ್ಕಿತು, ಅಲ್ಲೇ ಬಹಳ ಹೊತ್ತು ನಿಂತಿದ್ದೆ. ಬದಿಯಿಂದ ನೋಡಿದರೂ ಎಲ್ಲೂ ಮಿನುಗು ಇಲ್ಲ. ಯಾವ ಕೋನದಲ್ಲಿ ನಿಂತರೂ ಬಣ್ಣ ಅದೇ. ಎರಡು ವರ್ಷದ ನಂತರ ಡಾಕ್ಟರ್ ವಾಕೆಯ ಮನೆಗೆ ಮಾಡಿದ ನಾಲ್ಕು ಫಲಕ ಪ್ಯಾರಿಸ್‌ನ ಪೆತಿ ಪಾಲೆ ಮ್ಯೂಸಿಯಂನಲ್ಲಿವೆ. ಹೊಲಿಗೆ, ಓದು, ಪಿಯಾನೊ, ಗೋಡೆ ತುಂಬ ಹೂವಿನ ವಿನ್ಯಾಸ. ಮನೆಯೊಳಗಿನ ಚಿತ್ರಕ್ಕೆ ಈ ಬಣ್ಣ ಯಾಕೆ ಅನ್ನುವುದಕ್ಕೆ ಆ ನಾಲ್ಕು ಸಾಕು.

ಈಗ ನನ್ನ ಕಥೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಡಗಿಗಳು ತಗೊಳ್ಳುವ ಚರ್ಮದ ಅಂಟಿನ ಹರಳು ಕೆ.ಜಿ.ಗೆ ನಾನೂರೈವತ್ತೋ ಐನೂರೋ ಇತ್ತು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿದೆ. ಮನೆ ತುಂಬ ವಾಸನೆ. ನಮ್ಮದು ಸಸ್ಯಾಹಾರಿ ಮನೆ, ಅಡುಗೆಮನೆಯಲ್ಲಿ ಚರ್ಮದ ಅಂಟು ಕಾಯಿಸುವುದು ಅಮ್ಮನಿಗೆ ಸುತರಾಂ ಒಪ್ಪಿಗೆ ಆಗಲಿಲ್ಲ. ಅಂದಿನಿಂದ ಕೆಲಸ ಹಿತ್ತಿಲ ಶೆಡ್ಡಿಗೆ ಹೋಯಿತು. ಬಿಸಿ ಒಂದೇ ಸಮ ಇಡುವುದೇ ದೊಡ್ಡ ತಲೆನೋವು. ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ, ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಕೊನೆಗೆ ಕೈಹಿಡಿದದ್ದು ಬ್ಯೂಟಿ ಪಾರ್ಲರ್‌ನವರ ವ್ಯಾಕ್ಸ್ ಹೀಟರ್. ಒಂಬೈನೂರು ರೂಪಾಯಿ ಒಳಗೆ ಬಂತು. ತಿರುಗಿಸುವ ಗುಂಡಿ ಇದೆ, ಐವತ್ತು ಐವತ್ತೈದು ಡಿಗ್ರಿಯ ಹತ್ತಿರ ಇಟ್ಟರೆ ಇಡೀ ದಿನ ಚಿಂತೆ ಇಲ್ಲ. ವುಯಾರ್ ಒಲೆ ಮುಂದೆ ಬಟ್ಟಲುಗಳನ್ನು ಸಾಲಾಗಿ ಇಟ್ಟುಕೊಂಡು ಕೆಲಸ ಮಾಡಬೇಕಿತ್ತು. ನಮಗೆ ಏಪ್ರಿಲ್ ಮೇ ತಿಂಗಳಲ್ಲಿ ಹೀಟರ್ ಕೂಡ ಬೇಡ, ತೆಳು ಅಂಟು ಹಾಗೇ ನೀರಾಗಿ ಇರುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಹವೆಯೇ ಮೇಲು ಅಂತ ಧೈರ್ಯವಾಗಿ ಹೇಳುತ್ತೇನೆ.

ಶುರುವಿನ ಚಿತ್ರಗಳೆಲ್ಲ ಉದುರಿದವು. ಕ್ಯಾನ್ವಾಸ್ ಮೇಲೆ ಮಾಡಿದ್ದೆ. ಮಳೆಗಾಲದಲ್ಲಿ ಬಟ್ಟೆ ಸಡಿಲಾಯಿತು, ಅಕ್ಟೋಬರ್‌ನಲ್ಲಿ ಬಿಗಿಯಾಯಿತು, ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ವುಯಾರ್ ಕೂಡ ಮತ್ತೆ ಮತ್ತೆ ತಿದ್ದಿ ದಪ್ಪ ಪದರ ಮಾಡಿದ ಕಡೆ ಬಣ್ಣ ಬಿರುಕು ಬಿಟ್ಟಿದೆ, ಸಂರಕ್ಷಣೆ ಮಾಡುವವರಿಗೆ ಇವತ್ತಿಗೂ ಅದೇ ಕೆಲಸ. ನಾನು ಕ್ಯಾನ್ವಾಸ್ ಬಿಟ್ಟೆ. ಆರು ಎಂ.ಎಂ. ಪ್ಲೈವುಡ್‌ಗೆ ತೊಳೆದು ಮೆತ್ತಗಾದ ಖಾದಿ ಬಟ್ಟೆ ಅಂಟಿಸಿ, ಮೇಲೆ ಸೀಮೆಸುಣ್ಣದ ಪುಡಿಯ ತಳ ಹಾಕುತ್ತೇನೆ. ತಳಕ್ಕೆ ಒಂದು ಭಾಗ ಅಂಟಿಗೆ ಸುಮಾರು ಹತ್ತು ಭಾಗ ನೀರು. ಬಣ್ಣಕ್ಕೆ ಹದಿನೈದರ ಹತ್ತಿರ. ಮೇಲಿನ ಪದರಕ್ಕೆ ಇನ್ನೂ ತೆಳು, ಹದಿನೆಂಟು ಇಪ್ಪತ್ತು. ಮೇಲೆ ಹೋದಂತೆ ಅಂಟು ಕಡಿಮೆಯಾಗಲೇಬೇಕು. ಮೇಲಿನದು ಗಟ್ಟಿಯಾದರೆ ಒಣಗುವಾಗ ಸೆಳೆದು ಕೆಳಗಿನದನ್ನೂ ಕಿತ್ತುಕೊಂಡು ಬರುತ್ತದೆ. ಉದುರುವುದು ನಿಂತದ್ದು ಇದರಿಂದಲೇ.

ಬಣ್ಣದ ಖರ್ಚು ಹೇಳಿದರೆ ನಂಬಲ್ಲ. ನೆಲಕ್ಕೆ ಹಾಕುವ ರೆಡ್ ಆಕ್ಸೈಡ್, ಹಳದಿ ಆಕ್ಸೈಡ್ ಪುಡಿ ಕೆ.ಜಿ.ಗೆ ನೂರು ನೂರೈವತ್ತು. ನೀಲಿ ಸ್ವಲ್ಪ ದುಬಾರಿ. ಎರಡಡಿ ಮೂರಡಿ ಎಣ್ಣೆ ಚಿತ್ರಕ್ಕೆ ಒಳ್ಳೆ ಟ್ಯೂಬ್ ತಗೊಂಡರೆ ನಾಲ್ಕೈದು ಸಾವಿರ ಹೋಗುತ್ತಿತ್ತು. ಇದಕ್ಕೆ ಹಲಗೆ ಸೇರಿ ಎಂಟುನೂರು ಒಳಗೆ.

ಕಷ್ಟ ಅಂದರೆ ಬಣ್ಣ ಒಣಗಿದಾಗ ಬಿಳಚಿಕೊಳ್ಳುವುದು. ಅತ್ತಿಗೆ ಮನೆಯಲ್ಲೇ ಸೀರೆಗೆ ಫಾಲ್ಸ್ ಹಚ್ಚಿ ಕೊಡುತ್ತಾರೆ. ಅವರು ಕಿಟಕಿ ಪಕ್ಕ ಕೂತು ಮಂಡಿ ಮೇಲೆ ಮೆರೂನ್ ಸೀರೆ ಹರಡಿಕೊಂಡಿರುವುದನ್ನು ಬರೆಯುತ್ತಿದ್ದೆ. ಹಸಿ ಇದ್ದಾಗ ಸೀರೆ ಸರಿಯಾಗಿ ಕೋಕಂ ಹಣ್ಣಿನ ಬಣ್ಣ. ಒಣಗಿದ ಮೇಲೆ ಇಟ್ಟಿಗೆ ಪುಡಿ. ಹಿಂದಿನ ಗೋಡೆಯೂ ಇಟ್ಟಿಗೆ ಪುಡಿ. ಎರಡೂ ಒಂದೇ ಆಗಿ ಸೀರೆ ಮಾಯ. ಅಂಚಿನ ಜರಿ ಗೆರೆಯೊಂದೇ ಗಾಳಿಯಲ್ಲಿ ಉಳಿಯಿತು. ಅಳಿಸೋಣ ಅಂತ ಬ್ರಷ್ ಎತ್ತಿದವನು ನಿಂತುಬಿಟ್ಟೆ. ವುಯಾರ್‌ನ ಅಕ್ಕ ಗೋಡೆಗೆ ಸೇರಿಹೋಗಿದ್ದು ಹೀಗೇ ಅಲ್ವಾ? ಆ ಗೆರೆಯನ್ನು ಹಾಗೇ ಬಿಟ್ಟೆ. ನಡುಮನೆಯಲ್ಲಿ ಇರುವುದು ಅದೇ ಚಿತ್ರ. ಈಗ ಪ್ರತಿ ಬಣ್ಣವನ್ನೂ ಮೊದಲು ಅದೇ ತಳ ಹಾಕಿದ ಚೂರು ಹಲಗೆಗೆ ಹಚ್ಚಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ ನೋಡಿಯೇ ಮುಂದೆ ಹೋಗುತ್ತೇನೆ. ಸೀರೆ ಅಂಚಿನ ಸಣ್ಣ ವಿನ್ಯಾಸ ಒಂದೇ ಏಟಿಗೆ ಹೇಗೆ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಅದು ಬ್ರಷ್ಷಿನ ಕೆಲಸ ಅಲ್ಲ, ಇಷ್ಟೇ ಹೇಳುತ್ತೇನೆ.

ನಡುವೆ ಅಡ್ಡದಾರಿಗಳೂ ಇದ್ದವು. ಕಿನ್ನಾಳದ ಗೊಂಬೆಯವರು ಹುಣಸೆ ಬೀಜದ ಅಂಟು ಬಳಸುತ್ತಾರಲ್ಲ, ಅಮ್ಮನ ಸಮಾಧಾನಕ್ಕೂ ಆಯಿತು ಅಂತ ಅದನ್ನು ಕುದಿಸಿ ನೋಡಿದೆ. ಹಿಡಿತ ಚೆನ್ನಾಗಿದೆ, ಆದರೆ ಬಿಳಿ ಬಣ್ಣ ಹಳದಿಗೆ ತಿರುಗಿತು, ಜುಲೈಯಲ್ಲಿ ಬೂಷ್ಟು ಬಂತು. ಬಿಳಿ ಪಿವಿಎ ಅಂಟು ನೀರು ಮಾಡಿ ಹಾಕಿದರೆ ಹೊಳಪು. ತೀರ್ಥಹಳ್ಳಿ ರಸ್ತೆಯ ಕೆಮ್ಮಣ್ಣು ತಂದು ನೀರಲ್ಲಿ ಕದಡಿ, ಮೇಲಿನ ಕೆಂಪು ನೀರನ್ನು ಬಸಿದು ಒಣಗಿಸಿದೆ. ಇದು ಮಾತ್ರ ಗೆದ್ದಿತು. ಅಂಗಡಿಯ ಯಾವ ಕೆಂಪಿನಲ್ಲೂ ಇಲ್ಲದ ಮೃದು ಬಣ್ಣ ಸಿಕ್ಕಿತು. ನನ್ನ ಗೋಡೆಗಳೆಲ್ಲ ಈಗ ಅದರಲ್ಲೇ.

ಹೆಚ್ಚು ನೋವು ಕೊಟ್ಟದ್ದು ಒಂದು ಫ್ರೇಮ್ ಅಂಗಡಿ. ಬೆಂಗಳೂರಿನ ಗಿರಾಕಿಯೊಬ್ಬರು ಹದಿನೈದು ಸಾವಿರ ಮುಂಗಡ ಕೊಟ್ಟಿದ್ದರು. ಕಟ್ಟು ಹಾಕಲು ಕೊಟ್ಟ ಚಿತ್ರಕ್ಕೆ ಅಂಗಡಿಯವರು ನನ್ನನ್ನು ಕೇಳದೆ ವಾರ್ನಿಷ್ ಸ್ಪ್ರೇ ಹೊಡೆದರು, "ಡಲ್ ಇತ್ತು ಸಾರ್" ಅಂದರು. ಬೂದು ಕಪ್ಪಾಯಿತು, ಕೆಮ್ಮಣ್ಣು ರಕ್ತದ ಬಣ್ಣವಾಯಿತು, ತೆಗೆಯಲು ದಾರಿಯೇ ಇಲ್ಲ. ಮುಂಗಡ ವಾಪಸ್ ಕೊಟ್ಟೆ. ವುಯಾರ್, ಬೊನ್ನಾರ್ ಮತ್ತು ಅವರ ಗೆಳೆಯರು ಹೊಳಪನ್ನು ಬೇಕಂತಲೇ ಬಿಟ್ಟವರು. ಅವರ ಕಾಲದ ಎಷ್ಟೋ ಚಿತ್ರಗಳಿಗೂ ಆಮೇಲಿನವರು ವಾರ್ನಿಷ್ ಬಳಿದು ಇದೇ ಗತಿ ಮಾಡಿದ್ದಾರೆ. ಈಗ ಚಿತ್ರದ ಹಿಂದೆ ದೊಡ್ಡದಾಗಿ ಬರೆದೇ ಕೊಡುತ್ತೇನೆ: ವಾರ್ನಿಷ್ ಬೇಡ, ಒದ್ದೆ ಬಟ್ಟೆ ಬೇಡ.

ಬೂಷ್ಟಿಗೆ ಏನು ಮಾಡಿದೆ ಅನ್ನುವುದೇ ಎಲ್ಲರ ಪ್ರಶ್ನೆ. ಅಂಟಿಗೆ ಲವಂಗದ ಎಣ್ಣೆ ಕೆಲವು ಹನಿ. ಅಂಟನ್ನು ಎರಡು ದಿನಕ್ಕಿಂತ ಇಟ್ಟುಕೊಳ್ಳುವುದಿಲ್ಲ, ವಾಸನೆ ಬದಲಾದರೆ ಚೆಲ್ಲುತ್ತೇನೆ. ಒಂದೊಂದು ಪದರ ಒಣಗಿದ ಮೇಲೆ ಪಟಿಕದ (ಆಲಂ) ತೆಳು ನೀರು ಸ್ಪ್ರೇ ಮಾಡಿದರೆ ಅಂಟು ಗಟ್ಟಿಯಾಗುತ್ತದೆ, ಮೇಲಿನ ಬ್ರಷ್ಷಿಗೆ ಕೆಳಗಿನ ಬಣ್ಣ ಕದಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸ ಹಲಗೆ ಶುರು ಮಾಡುವುದಿಲ್ಲ, ಪೆನ್ಸಿಲ್ ಕೆಲಸ ಮಾತ್ರ. ವುಯಾರ್ ಕೂಡ ಜಾಗದಲ್ಲಿ ಕೂತು ಸಣ್ಣ ಸ್ಕೆಚ್ ಮಾಡಿಕೊಂಡು, ಮನೆಗೆ ಬಂದು ನೆನಪಿನಿಂದ ಬಣ್ಣ ಹಚ್ಚುತ್ತಿದ್ದ. ತಳದಲ್ಲಿ ಇನ್ನೊಂದು ವಸ್ತು ಸೇರಿಸುತ್ತೇನೆ. ಅದಕ್ಕೆ ಎರಡು ವರ್ಷ ಮತ್ತು ಬಹಳ ದುಡ್ಡು ಹೋಗಿದೆ, ಅದನ್ನು ಇಲ್ಲಿ ಬರೆಯಲ್ಲ.

ಮೊದಲ ಚಿತ್ರ ಎಂಟು ಸಾವಿರಕ್ಕೆ ಹೋಗಿತ್ತು. ಕಳೆದ ವರ್ಷದ್ದು ಮೂವತ್ತೈದಕ್ಕೆ ಹೋಯಿತು. ಈಗ ಕೈಯಲ್ಲಿರುವುದು ಐದು ಫಲಕದ ಮಡಚುವ ಪರದೆ. ವುಯಾರ್ 1911ರಲ್ಲಿ ತನ್ನ ಕಿಟಕಿಯಿಂದ ಕಾಣುವ ವ್ಯಾಂತಿಮಿಯ್ ಚೌಕವನ್ನು ಅಂಥದ್ದೇ ಐದು ಫಲಕದ ಪರದೆಯ ಮೇಲೆ ಅಂಟಿನ ಬಣ್ಣದಲ್ಲಿ ಬರೆದಿದ್ದ, ಅದು ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನನ್ನದರಲ್ಲಿ ಬರುವುದು ಹಿತ್ತಿಲು, ಬಾವಿಕಟ್ಟೆ, ಅತ್ತಿಗೆಯ ಹೊಲಿಗೆ ಮೆಷಿನ್. ಎರಡು ಫಲಕ ಮುಗಿದಿವೆ. ಕೀಲು ಬರುವ ಕಡೆ ಅಂಚು ತಾಗಿ ಬಣ್ಣ ಚಕ್ಕೆ ಏಳುತ್ತಿದೆ, ಅಲ್ಲಿಗೆ ಹತ್ತಿ ಪಟ್ಟಿ ಅಂಟಿಸಿ ನೋಡುತ್ತಿದ್ದೇನೆ. ಯಾರಾದರೂ ಮಡಚುವ ಪರದೆಗೆ ಅಂಟಿನ ಬಣ್ಣ ಹಾಕಿದ್ದರೆ ಕೀಲಿನ ಹತ್ತಿರ ಏನು ಮಾಡಿದಿರಿ ಅಂತ ತಿಳಿಸಿ.