ಎನ್‌ಕ್ಲೆಕ್ಸ್ ಫೇಲಾದ ಹುಡುಗಿಯನ್ನು ಮತ್ತೆ ತಯಾರು ಮಾಡುವುದು ಹೇಗೆ?

ಹುಬ್ಬಳ್ಳಿ-ಧಾರವಾಡದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಅಮೆರಿಕ, ಕೆನಡಾ ಅಂತ ಹೊರಟವರು ಎನ್‌ಕ್ಲೆಕ್ಸ್-ಆರ್‌ಎನ್ ಅನ್ನುವ ಪರೀಕ್ಷೆ ಪಾಸಾಗಬೇಕು, ಅದಿಲ್ಲದೆ ಅಲ್ಲಿ ನರ್ಸ್ ಲೈಸೆನ್ಸ್ ಇಲ್ಲ. ಫೇಲಾಗಿ ಬಂದ ಹುಡುಗಿಗೆ ನಾವು ಸೀನಿಯರ್ ಸಿಸ್ಟರ್‌ಗಳು ಏನು ಮಾಡುತ್ತೇವೆ? "ಇನ್ನೊಮ್ಮೆ ಛಲೋ ಓದು ತಂಗಿ" ಅಂತ ಮತ್ತೊಂದು ದಪ್ಪ ಪುಸ್ತಕ ಕೈಗೆ ಕೊಡುತ್ತೇವೆ. ದಯವಿಟ್ಟು ಕೊಡಬೇಡಿ, ಓದುವುದನ್ನು ಅವಳು ಆಗಲೇ ಓದಿರುತ್ತಾಳೆ.

ಮೊದಲ ವಾರ ಸುಮ್ನೆ ಬಿಟ್ಟುಬಿಡಿ. ಹೇಗೂ 45 ದಿನ ಆಗುವವರೆಗೆ ಮತ್ತೆ ಬರೆಯಲು ಬಿಡುವುದಿಲ್ಲ.

ಆಮೇಲೆ ಅವಳ ಸಿಪಿಆರ್ ಕೇಳಿ. ಎದೆ ಒತ್ತುವ ಸಿಪಿಆರ್ ಅಲ್ಲ ಮತ್ತೆ, ಫೇಲಾದವರಿಗೆ ಕಳಿಸುವ ಕ್ಯಾಂಡಿಡೇಟ್ ಪರ್ಫಾರ್ಮೆನ್ಸ್ ರಿಪೋರ್ಟ್. ಒಂದೊಂದು ವಿಷಯದಲ್ಲೂ ಪಾಸ್ ಮಟ್ಟಕ್ಕಿಂತ ಮೇಲಿದ್ದಾಳೋ, ಹತ್ತಿರವೋ, ಕೆಳಗೋ ಅಂತ ಅದರಲ್ಲಿ ಇರುತ್ತದೆ. ಕೆಳಗಿದ್ದದ್ದನ್ನು ಮೊದಲು ಹಿಡಿಯಿರಿ. "ಅಕ್ಕಾರ, 85ನೇ ಪ್ರಶ್ನೆಗೇ ಪರೀಕ್ಷೆ ನಿಂತುಬಿಡ್ತು" ಅಂತ ಅಳುತ್ತಿದ್ದರೆ ಹೇಳಿ: 85ರಿಂದ 150 ಪ್ರಶ್ನೆಯವರೆಗೆ ಕಂಪ್ಯೂಟರ್ ಎಲ್ಲಿ ಬೇಕಾದರೂ ನಿಲ್ಲಿಸಬಹುದು, 85ಕ್ಕೆ ನಿಂತು ಪಾಸಾದವರೂ ಇದ್ದಾರೆ.

ಈಗ ಎಲ್ಲರೂ ಎಡವುವ ಜಾಗ. ಪ್ರಶ್ನೆ ಬಿಡಿಸುವಾಗ ಪಕ್ಕದಲ್ಲಿ ಕೂತು, ಅವಳ ಯೋಚನೆಯನ್ನು ಬಾಯಿಬಿಟ್ಟು ಹೇಳಿಸಿ. ಕನ್ನಡದಲ್ಲೇ ಹೇಳಲಿ. ಒಂದು ಉದಾಹರಣೆ ನೋಡಿ. ರಕ್ತ ಹಾಕಲು ಶುರು ಮಾಡಿ ಹತ್ತು ನಿಮಿಷ ಆಗಿದೆ, ಪೇಷಂಟ್‌ಗೆ ಚಳಿ, ಬೆನ್ನುನೋವು. ನರ್ಸ್ ಮೊದಲು ಏನು ಮಾಡಬೇಕು? ನಮ್ಮ ಹುಡುಗಿ "ಡಾಕ್ಟರಿಗೆ ತಿಳಿಸಬೇಕು" ಅನ್ನುತ್ತಾಳೆ. ಯಾಕೆ ಅಂತ ಕೇಳಿದರೆ "ವಾರ್ಡಿನ್ಯಾಗ ಹಂಗ ಮಾಡ್ತೀವಲ್ರಿ" ಅನ್ನುತ್ತಾಳೆ. ಸಿಕ್ಕಿತು ನೋಡಿ ರೋಗ! ರಕ್ತ ನಿಲ್ಲಿಸುವುದು ಮೊದಲು, ಹೊಸ ಟ್ಯೂಬಿಂಗ್‌ನಲ್ಲಿ ನಾರ್ಮಲ್ ಸಲೈನ್ ಹಚ್ಚಿ ಲೈನ್ ಉಳಿಸಿಕೊಳ್ಳಬೇಕು, ಫೋನು ಆಮೇಲೆ. ಇದು ಅವಳಿಗೆ ಗೊತ್ತಿಲ್ಲ ಅಂತಲ್ಲ, ಕೇಳಿದರೆ ಪಟಪಟ ಹೇಳುತ್ತಾಳೆ. ಆದರೆ ಆರ್ಡರ್ ಬರಲಿ ಅಂತ ಕಾಯುವುದು ರೂಢಿಯಾಗಿದೆ, ಪರೀಕ್ಷೆಯಲ್ಲೂ ಕಾಯುತ್ತಾಳೆ. ಕೆಲಸ ಹಂಚುವ ಪ್ರಶ್ನೆಗಳಲ್ಲೂ ಇದೇ ಕಥೆ. ಇಲ್ಲಿ ಪೇಷಂಟ್‌ಗೆ ಊಟ ಮಾಡಿಸುವುದು ಮನೆಯವರು, ಅಲ್ಲಿ ಅದು ನರ್ಸಿಂಗ್ ಅಸಿಸ್ಟೆಂಟ್ ಕೆಲಸ. ಆದರೆ ಪೇಷಂಟ್‌ನ ಅಸೆಸ್‌ಮೆಂಟ್, ಹೊಸದಾಗಿ ಏನಾದರೂ ಕಲಿಸುವುದು, ಇವನ್ನು ಆರ್‌ಎನ್, ಅಂದರೆ ಲೈಸೆನ್ಸ್ ಇರುವ ನರ್ಸ್, ಆ ಅಸಿಸ್ಟೆಂಟ್‌ಗೆ ಒಪ್ಪಿಸುವಂತಿಲ್ಲ.

ತಪ್ಪಿದ ಪ್ರತಿ ಪ್ರಶ್ನೆಗೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಸಿ: ಗೊತ್ತಿರಲಿಲ್ಲವೋ, ಪ್ರಶ್ನೆ ಸರಿಯಾಗಿ ಓದಲಿಲ್ಲವೋ, ಉತ್ತರ ಸರಿ ಇದ್ದದ್ದನ್ನು ಹೆದರಿ ಬದಲಿಸಿದಳೋ. ಸರಿ ಉತ್ತರವನ್ನು ಕಾಪಿ ಮಾಡಿಸುವುದು ದಂಡ. ದಿನಕ್ಕೆ ಇಪ್ಪತ್ತೈದು ಪ್ರಶ್ನೆ ಸಾಕು, ಆದರೆ ಪ್ರತಿಯೊಂದರ ವಿವರಣೆಯನ್ನೂ ಓದಬೇಕು. ಇನ್ನೂರು ಮಾಡಿದೆ ಅಂತ ಸ್ಕೋರಿನ ಸ್ಕ್ರೀನ್‌ಶಾಟ್ ಕಳಿಸುವವಳನ್ನು ನಾನು ನಂಬುವುದಿಲ್ಲ.

ಟೆಲಿಗ್ರಾಮ್‌ನಲ್ಲಿ "ಬಂದ ಪ್ರಶ್ನೆಗಳು" ಅಂತ ಪಿಡಿಎಫ್ ಮಾರುತ್ತಾರೆ, ದುಡ್ಡು ಹಾಕಬೇಡಿ. ಈ ಪರೀಕ್ಷೆಯಲ್ಲಿ ಅವಳ ಉತ್ತರ ನೋಡಿಕೊಂಡು ಕಂಪ್ಯೂಟರ್ ಮುಂದಿನ ಪ್ರಶ್ನೆ ಆರಿಸುತ್ತದೆ, ಎಲ್ಲರಿಗೂ ಒಂದೇ ಪೇಪರ್ ಇರುವುದಿಲ್ಲ. ಮೇಲಾಗಿ ಪ್ರಶ್ನೆ ಹಂಚಿಕೊಂಡದ್ದು ಗೊತ್ತಾದರೆ ರಿಸಲ್ಟೇ ರದ್ದಾಗಬಹುದು. ಸೀನಿಯರ್ ಬಿಟ್ಟುಹೋದ ಹಳೇ ಪುಸ್ತಕವೂ ಬೇಡ. 2023ರ ಏಪ್ರಿಲ್‌ನಿಂದ ಒಬ್ಬ ಪೇಷಂಟ್ ಮೇಲೆ ಆರು ಪ್ರಶ್ನೆ ಕೇಳುವ ಕೇಸ್ ಸ್ಟಡಿ ಬಂದಿವೆ, ಅದರಲ್ಲಿ ಅವು ಎಲ್ಲಿರಬೇಕು? ಔಷಧಿ ಹೆಸರುಗಳ ಒಂದು ಚೀಟಿ ಗೋಡೆಗೆ ಅಂಟಿಸಿ: ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್, ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್.

ಕೊನೆಯ ಎರಡು ವಾರ ಗಡಿಯಾರ ಇಟ್ಟು ಪೂರ್ತಿ ಪರೀಕ್ಷೆ ಬರೆಸಿ, ಐದು ತಾಸು.

ಬೆಂಗಳೂರಿನ ಸೆಂಟರ್ ಆದರೆ ಒಂದು ದಿನ ಮೊದಲೇ ಹೋಗಲಿ. ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ಸೀದಾ ಹೋಗಿ ಕೂರುವುದು ಬೇಡ. ಹೊರಡುವ ಮುಂಚೆ, ಸಾಧ್ಯವಾದರೆ ಬುಕ್ ಮಾಡುವಾಗಲೇ, ಪಾಸ್‌ಪೋರ್ಟಿನ ಹೆಸರು ಮತ್ತು ಬುಕಿಂಗ್ ಹೆಸರು ಒಂದೇನಾ ಅಂತ ನೀವೇ ಕಣ್ಣಾರೆ ನೋಡಿ. ನಮ್ಮ ಕಡೆ ಅಡ್ಡಹೆಸರು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದವರು ಜಾಸ್ತಿ. ಹೆಸರು ಹೊಂದದಿದ್ದರೆ ಒಳಗೇ ಬಿಡುವುದಿಲ್ಲ, ಕಟ್ಟಿದ ಫೀ ಕೂಡ ಹೋಗುತ್ತದೆ.